ಗುರುವಾರದ ಒಂದೇ ರಿಂಗು

ಇಬ್ರಾಹಿಮಿಯ್ಯಾ, ಅಲೆಕ್ಸಾಂಡ್ರಿಯಾ
20 ನವೆಂಬರ್ 2022, ಭಾನುವಾರ

ನನ್ನ ಬಹೀಗಾ,

ನೀನೂ ನಿನ್ನ ಮೊಣಕಾಲೂ ಸೌಖ್ಯವೆಂದು ನಂಬಿದ್ದೇನೆ. ನಿನ್ನ ಮೂರು ಕಾಗದಗಳು ಬಂದಿವೆ. ಮೂರೂ ಮೇಜಿನ ಮೇಲೆ ಕೂತು ನನ್ನನ್ನೇ ನೋಡುತ್ತಿವೆ. ಮೂರನೆಯದರಲ್ಲಿ "ಸತ್ತಿದ್ದರೆ ಒಂದು ಸಾಲು ಬರೆದು ತಿಳಿಸು" ಎಂದಿದ್ದೀಯ. ಸತ್ತಿಲ್ಲ, ಕ್ಷಮಿಸು. ಬರೆಯೋಣವೆಂದು ಕೂರುತ್ತೇನೆ. ಎದ್ದು ಬಾಲ್ಕನಿಗೆ ಹೋಗಿ ಬಟ್ಟೆ ಒಣಗಿತೇ ಎಂದು ಮುಟ್ಟುತ್ತೇನೆ. ಸಮುದ್ರದ ಗಾಳಿಗೆ ಒಣಗುವುದುಂಟೇ? ಮತ್ತೆ ಒಳಗೆ ಬರುತ್ತೇನೆ, ಹಾಲು ಉಕ್ಕಿರುತ್ತದೆ. ಹೀಗೇ ಎರಡು ತಿಂಗಳು ಕಳೆಯಿತು. ನಿನ್ನ ಕಿವಿ ಇನ್ನಷ್ಟು ಮಂದವಾಯಿತೆಂದು ನಿನ್ನ ಮಗಳು ಹೇಳಿದಳು. ಇನ್ನು ಫೋನಿನಲ್ಲಿ ಕಿರುಚಿ ಫಲವಿಲ್ಲ, ನಮಗೆ ಕಾಗದವೇ ಗತಿ.

ಎದುರು ಮನೆಯಲ್ಲಿ ಇಪ್ಪತ್ತೆಂಟು ವರ್ಷ ಇದ್ದು ತಂತಾ ಊರಿಗೆ ಹೋದವಳು ನೀನು, ನಿನಗೆ ಮೊದಲು ಹೇಳಬೇಕಾದ ಸಮಾಚಾರ ಇದು: ನಮ್ಮ ಕಟ್ಟಡದ ಬಾಗಿಲಿಗೆ ಯಂತ್ರ ಬಂದಿದೆ. ಬಾಗಿಲು ಕಾಯುವ ದಿಯಾಬ್ ಮೂವತ್ತೊಂದು ವರ್ಷ ಕೂತಿದ್ದ ಬೆಂಚನ್ನು ತೆಗೆದು, ಆ ಗೋಡೆಗೆ ಸ್ಟೀಲಿನ ಹಲಗೆ ಕೂರಿಸಿದ್ದಾರೆ. ಬಂದವರು ಅದರಲ್ಲಿ ನಮ್ಮ ಮನೆಯ ನಂಬರು ಒತ್ತಬೇಕು. ಒತ್ತಿದರೆ ನನ್ನ ಮೊಬೈಲು ರಿಂಗಾಗುತ್ತದೆ, ನಾನು ಅಡಿಗೆಮನೆಯಲ್ಲಿರಲಿ, ಮೀನಿನ ಅಂಗಡಿಯಲ್ಲಿರಲಿ. ಯಾರೆಂದು ಕೇಳಿ ಒಂಬತ್ತು ಒತ್ತಿದರೆ ಕೆಳಗೆ ಬಾಗಿಲು ಟಕ್ಕೆಂದು ತೆರೆಯುತ್ತದೆ. ಒಂದು ನಿಮಿಷದಲ್ಲಿ ಮಾತು ಮುಗಿಯದಿದ್ದರೆ ಅದೇ ಕರೆಯನ್ನು ಕಡಿದುಹಾಕುತ್ತದೆ. ಈ ಊರಿನಲ್ಲಿ ಒಂದು ನಿಮಿಷಕ್ಕೆ ಯಾರ ಮಾತು ಮುಗಿಯುತ್ತದೆ ಹೇಳು. ಎರಡನೇ ಮಹಡಿಯವಳ ತಂಗಿ ಮೊನ್ನೆ ನಾಲ್ಕು ಸಲ ಒತ್ತಿದಳು. ನಾಲ್ಕು ಸಲವೂ "ಚೆನ್ನಾಗಿದ್ದೀಯಾ, ಮಕ್ಕಳು ಚೆನ್ನಾಗಿದ್ದಾರಾ, ನಿಮ್ಮತ್ತೆ ಕಾಲು ಹೇಗಿದೆ" ಎನ್ನುವಷ್ಟರಲ್ಲಿ ಕರೆ ಸತ್ತಿತು. ಕೊನೆಗೆ ಬೀದಿಯಲ್ಲಿ ನಿಂತು "ಏ ಮಾರಾಯ್ತಿ, ಬಾಗಿಲು ತೆಗೀ!" ಎಂದು ಕೂಗಿದಳು, ನಾಲ್ಕು ಮನೆಯವರು ಒಟ್ಟಿಗೆ ಕೆಳಗೋಡಿ ಬಾಗಿಲು ತೆಗೆದೆವು.

ಯಂತ್ರ ಹಾಕಿಸಿದ್ದು ಮೂರನೇ ಮಹಡಿಯ ಮಮ್ದೂಹ್ ಇಂಜಿನಿಯರ್. ಈಗ ನಮ್ಮ ಮಾಲೀಕರ ಸಂಘಕ್ಕೆ ಅವನೇ ಅಧ್ಯಕ್ಷ. ಪಟ್ಟಿ ಹಿಡಿದು ಮನೆಮನೆಗೆ ಬಂದ.

"ಅಬ್ಲಾ, ಹನ್ನೆರಡನೇ ನಂಬರಿನ ಮುಂದೆ ಯಾರ ಹೆಸರು ಹಾಕ್ಲಿ?" ಎಂದ. ಮೇಷ್ಟ್ರಮ್ಮನ ಕೆಲಸ ಬಿಟ್ಟು ಹತ್ತು ವರ್ಷವಾದರೂ ಇಡೀ ಬೀದಿಗೆ ನಾನಿನ್ನೂ ಅಬ್ಲಾ.

"ಯಜಮಾನ್ರ ಹೆಸ್ರೇ ಇರ್ಲಿ, ಶುಕ್ರಿ ಅಂತ್ಲೇ ಹಾಕಪ್ಪ."

"ಅವ್ರು ತೀರ್ಕೊಂಡು ಎಂಟು ವರ್ಷ ಆಯ್ತಲ್ಲ?"

"ಅದನ್ನ ಬೀದೀಲಿ ಹೋಗೋರಿಗೆಲ್ಲ ಯಾಕೆ ಹೇಳ್ಬೇಕು? ಇಲ್ಲೊಬ್ಳು ಒಂಟಿ ಹೆಂಗಸು ಇದಾಳೆ ಬನ್ನಿ ಅಂತ ಬೋರ್ಡು ಹಾಕ್ತೀಯಾ?"

ಹಾಗಾಗಿ ಶುಕ್ರಿಯ ಹೆಸರೇ ಅಲ್ಲಿದೆ. ಕರೆಂಟಿನ ಮೀಟರು ನೋಡುವವನು ಒತ್ತಿ, "ಶುಕ್ರಿ ಸಾಹೇಬ್ರು ಇದಾರಾ?" ಎಂದು ಕೇಳಿದ. ಹೊರಗೆ ಹೋಗಿದ್ದಾರೆ ಎಂದೆ.

ಇನ್ನು ದಿಯಾಬನ ವಿಚಾರ. ನೀನು ಕೇಳಿಯೇ ಕೇಳುತ್ತೀಯ, ಅದಕ್ಕೆ ನಾನೇ ಹೇಳಿಬಿಡುತ್ತೇನೆ. ಸಭೆಯಲ್ಲಿ ಮೊದಲು ಕೈ ಎತ್ತಿದವಳು ನಾನು. ಯಂತ್ರ ಬೇಕು, ಬಾಗಿಲು ಕಾಯುವವನು ಬೇಡ ಎಂದೆ. ಗ್ಯಾಸ್ ಸಿಲಿಂಡರ್ ಯಾರು ಹೊರುತ್ತಾರೆಂದು ಒಬ್ಬರೆಂದರು, ಮೆಟ್ಟಿಲು ಯಾರು ತೊಳೆಯುತ್ತಾರೆಂದು ಇನ್ನೊಬ್ಬರು. ನಾನು ಕೈ ಇಳಿಸಲಿಲ್ಲ. ಅಷ್ಟರಲ್ಲಿ ಟ್ರೇಯಲ್ಲಿ ಚಹಾ ಬಂತು. ತಂದವನು ದಿಯಾಬನೇ. ಅವನನ್ನು ಕಳಿಸುವ ಸಭೆಗೆ ಅವನೇ ಚಹಾ ಮಾಡಿದ್ದ. ನನ್ನ ಲೋಟಕ್ಕೆ ಸಕ್ಕರೆ ಹಾಕಿರಲಿಲ್ಲ, ನನಗೆ ಸಕ್ಕರೆ ಕಾಯಿಲೆಯಿರುವುದು ಅವನಿಗೆ ಗೊತ್ತು.

ನಾನು ಕೆಟ್ಟವಳೆಂದುಕೋ. ಆದರೆ ನನ್ನ ಜಾಗದಲ್ಲಿ ನಿಂತು ನೋಡು. ನನ್ನ ನಿಹಾಲ್, ಔಷಧಶಾಸ್ತ್ರ ಓದಿದ ಹುಡುಗಿ, ನಾನು ಬೇಡವೆಂದು ತಲೆ ಚಚ್ಚಿಕೊಂಡರೂ ಇದೇ ದಿಯಾಬನ ಮಗ ರಬೀಯನ್ನು ಮದುವೆಯಾಗಿ ಹೋದಳು. ಇನ್ನು ಈ ಹೊಸ್ತಿಲು ತುಳಿಯಬೇಡ ಎಂದೆ. ಅವಳು ತುಳಿಯಲಿಲ್ಲ. ಅದಾಗಿ ಮೂರು ವರ್ಷ ದಿನಾ ಬೆಳಗ್ಗೆ ರೊಟ್ಟಿ ತರಲು ಇಳಿದರೆ, ನನ್ನ ಮಗಳ ಮಾವ ಬೆಂಚಿನಿಂದೆದ್ದು ಸಲಾಂ ಮಾಡುತ್ತಿದ್ದ. ಒಂದು ದಿನವಾದರೂ "ಬೀಗರೇ" ಎಂದಿದ್ದರೆ ನಾಲ್ಕು ಮಾತು ಬೈದು ಹಗುರಾಗುತ್ತಿದ್ದೆ. ಅವನು ಅನ್ನಲಿಲ್ಲ. ಹೋಗುವ ದಿನವೂ ಮೇಲಕ್ಕೆ ಬಂದು ಬಾಗಿಲಾಚೆಯೇ ನಿಂತ. "ಅಬ್ಲಾ, ಸಿಲಿಂಡರ್ ಇನ್ನೂ ಹತ್ತು ದಿನ ಬರುತ್ತೆ. ಆಮೇಲೆ ಮೂಲೆ ಅಂಗಡಿಯವನಿಗೆ ಹೇಳಿದೀನಿ, ತಂದು ಹಾಕ್ತಾನೆ" ಎಂದು ಹೇಳಿ ಹೋದ. ಮಗನ ಮನೆಗೆ, ಅಂದರೆ ನನ್ನ ಮಗಳ ಮನೆಗೆ.

ಯಂತ್ರಕ್ಕೆ ಒಂದು ಕೆಟ್ಟ ಚಾಳಿ ಹತ್ತಿದೆ. ಪ್ರತಿ ಗುರುವಾರ ಸಂಜೆಗೆ ಮುಂಚೆ ನನ್ನ ಫೋನು ಒಂದೇ ಸಲ ರಿಂಗಾಗಿ ನಿಲ್ಲುತ್ತದೆ. ನೋಡಿದರೆ ಬಾಗಿಲಿನ ನಂಬರು. ಆರು ಗುರುವಾರ ಆಯಿತು. ಶಾಲೆ ಬಿಟ್ಟ ಮಕ್ಕಳ ಕಾಟವಿರಬೇಕು. ಮೊಣಕಾಲಿಗೆ ಸಾಸಿವೆ ಎಣ್ಣೆ ಹಚ್ಚಿಕೋ. ನಿನ್ನ ಮಗಳಿಗೆ, ಮೊಮ್ಮಕ್ಕಳಿಗೆ ನನ್ನ ಆಶೀರ್ವಾದ.

ನಿನ್ನ
ಇನ್‌ಶಿರಾಹ್


14 ಡಿಸೆಂಬರ್ 2022, ಬುಧವಾರ

ಬಹೀಗಾ,

ನಿನ್ನ ಕಾಗದ ಹತ್ತೇ ದಿನದಲ್ಲಿ ಬಂತು. ಅಂಚೆಯವನಿಗೆ ಏನಾಯಿತೋ! ನಿನ್ನ ಸಿಹಿಯೂ ಬಂತು. ಸಕ್ಕರೆ ಕಾಯಿಲೆಯವಳಿಗೆ ಎರಡು ಕಿಲೋ ಕಡಲೆ ಮಿಠಾಯಿ ಕಳಿಸಿದ್ದೀಯ, ಬೇಗ ಬಾ ಎಂದು ಸ್ವರ್ಗದಿಂದ ಶುಕ್ರಿಯೇ ಹೇಳಿ ಕಳಿಸಿದನೇನು? ಎರಡು ತುಂಡು ತಿಂದೆ. ಸುಳ್ಳೇಕೆ, ನಾಲ್ಕು.

ಕಾಗದದಲ್ಲಿ ಬಯ್ದಿದ್ದೀಯ. "ಮಕ್ಕಳ ಕಾಟವಂತೆ! ಯಾರ ಮುಂದೆ ಹೇಳ್ತಿದೀಯ? ನಿಮ್ಮನೇಲಿ ಒಂದೇ ರಿಂಗು ಕೊಟ್ಟು ನಿಲ್ಲಿಸೋಳು ಯಾರು ಅಂತ ನನಗೆ ಗೊತ್ತಿಲ್ವಾ?" ಎಂದು ಬರೆದಿದ್ದೀಯ. ಗೊತ್ತಿದೆ, ನಿನಗೆಲ್ಲಾ ಗೊತ್ತಿದೆ. ನಿಹಾಲ್ ಕಾಲೇಜಿನಿಂದ ಬರುವ ಹೊತ್ತಿಗೆ ದಿಯಾಬ್ ನಮಾಜಿಗೆ ಹೋಗಿರುತ್ತಿದ್ದ. ಅವಳು ಕೆಳಗಿನಿಂದ ತನ್ನ ಮೊಬೈಲಿನಲ್ಲಿ ಒಂದು ರಿಂಗು ಕೊಟ್ಟು, ರಸ್ತೆಗೆ ಹಿಂದೆ ಸರಿದು, ಕತ್ತು ಎತ್ತಿ ನಿಲ್ಲುತ್ತಿದ್ದಳು. ನಾನು ಬಾಲ್ಕನಿಯಿಂದ ಬುಟ್ಟಿಯಲ್ಲಿ ಕೀಲಿಕೈ ಇಳಿಸುತ್ತಿದ್ದೆ. ಮಾತಿಲ್ಲ, ಕಾಸಿಲ್ಲ. ಆದರೆ ಈ ಊರಿನಲ್ಲಿ ಅರ್ಧ ಜನ ಹಾಗೇ ಒಂದು ರಿಂಗು ಕೊಡುತ್ತಾರೆ. ಬಂದೆ ಎನ್ನುವುದಕ್ಕೂ ಒಂದು ರಿಂಗು, ನೆನಪಾಯಿತು ಎನ್ನುವುದಕ್ಕೂ ಒಂದು ರಿಂಗು. ಯಾರ ಮಗಳು ಎಂದು ಯಂತ್ರಕ್ಕೆ ತಿಳಿಯುತ್ತದೆಯೇ? ಎಲ್ಲರ ಕರೆಯೂ ಅದೇ ಬಾಗಿಲಿನ ನಂಬರಿನಿಂದ ಬರುತ್ತದೆ.

ಅವಳು ನೇರವಾಗಿ ಫೋನು ಮಾಡಬಾರದೇ ಎಂದು ಕೇಳಿದ್ದೀಯ. ಮಾಡಿದರೆ ಬರುವುದಿಲ್ಲ. ಅವಳ ಮದುವೆಯ ಮಾರನೇ ದಿನ ಅವಳ ನಂಬರನ್ನು ನನ್ನ ಫೋನಿನಲ್ಲಿ ಬ್ಲಾಕ್ ಮಾಡಿದೆ. ಬಾಗಿಲಿನ ನಂಬರಿಗೆ ಆ ತಡೆಯಿಲ್ಲ. ಮಾವನನ್ನು ದೂರ ಮಾಡಲೆಂದು ನಾನು ಹಾಕಿಸಿದ ಯಂತ್ರ ಸೊಸೆಗೆ ದಾರಿ ಮಾಡಿಕೊಟ್ಟಿತೆಂದು ನೀನು ನಗುತ್ತಿರಬಹುದು. ನಗು.

ಇನ್ನೊಂದು ಹೇಳಬೇಕು. ಭಾನುವಾರ ಮಮ್ದೂಹನ ಮನೆಗೆ ಹೋಗಿ, ಈ ಗುರುವಾರದ ಕಾಟ ತಡೆಯಲಾಗುತ್ತಿಲ್ಲ ಎಂದೆ. ಅವನು ಕಂಪ್ಯೂಟರ್ ತೆರೆದು ತೋರಿಸಿದ. ಯಾರು ಯಾವಾಗ ಯಾವ ಮನೆಗೆ ಒತ್ತಿದರು ಎಂಬುದೆಲ್ಲ ಅಲ್ಲಿ ದಾಖಲಾಗುತ್ತದಂತೆ.

"ನೋಡಿ ಅಬ್ಲಾ, ಹನ್ನೆರಡನೇ ಮನೆ. ಗುರುವಾರ ನಾಲ್ಕೂ ಕಾಲು, ಗುರುವಾರ ನಾಲ್ಕು ಇಪ್ಪತ್ತು, ಮತ್ತೆ ಗುರುವಾರ. ಮಕ್ಕಳಾಗಿದ್ರೆ ಎಲ್ಲರ ಮನೆಗೂ ಒತ್ತೋವು. ಇದು ನಿಮ್ಮನೆಗೆ ಮಾತ್ರ."

"ಏನಾದ್ರೂ ಮಾಡು."

"ಬೇಕಿದ್ರೆ ಗುರುವಾರ ಮಧ್ಯಾಹ್ನದಿಂದ ರಾತ್ರಿವರೆಗೂ ನಿಮಗೆ ಕರೆ ಹೋಗದ ಹಾಗೆ ಮಾಡಬಹುದು. ಒತ್ತಿದ್ರೂ ಏನೂ ಆಗಲ್ಲ. ಆದ್ರೆ ಯಾರಾದ್ರೂ ಬೇಕಾದವರು ಬಂದ್ರೆ?"

"ನನಗ್ಯಾರಪ್ಪ ಬೇಕಾದವರು? ಮಾಡು."

ಅವನು ಎರಡು ಸಲ ನನ್ನ ಮುಖ ನೋಡಿದ. ಮಾಡಿದ. ನಾಳೆ ಗುರುವಾರ. ನಾಳೆ ನೆಮ್ಮದಿಯಾಗಿರಬಹುದು. ನೆಮ್ಮದಿಯಾಗಿರಬೇಕೆಂದು ಬೆಳಗಿನಿಂದ ಕಪಾಟಿನ ಪಾತ್ರೆಯೆಲ್ಲ ಇಳಿಸಿ ತೊಳೆದೆ, ಮತ್ತೆ ಹತ್ತಿಸಿದೆ, ಎತ್ತರದವು ಮುಂದೆ ಬಂದವೆಂದು ಮತ್ತೆ ಇಳಿಸಿದೆ. ಹೋದ ವಾರ ಈ ವರ್ಷದ ಕಾಸಿಮ್ ಬಿರುಗಾಳಿ ಬಂದು ಹೋದ ಮೇಲೆ ಮನೆಯೊಳಗೂ ಉಪ್ಪಿನ ವಾಸನೆ. ಎಲ್ಲಿ ಕೂತರೂ ಇಲ್ಲಿ ಕೂರಬಾರದಿತ್ತು ಎನಿಸುತ್ತದೆ. ನೀನು ಎದುರು ಮನೆಯಲ್ಲಿದ್ದಿದ್ದರೆ ಬಾಗಿಲು ತಟ್ಟಿ, "ಏನೇ ನಿನ್ನ ಗಲಾಟೆ" ಎಂದಾದರೂ ಬೈಯುತ್ತಿದ್ದೆ.

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಮಿಠಾಯಿ ಮತ್ತೆ ಕಳಿಸಬೇಡ.

ನಿನ್ನ
ಇನ್‌ಶಿರಾಹ್


9 ಜನವರಿ 2023, ಸೋಮವಾರ

ನನ್ನ ಬಹೀಗಾ,

ಉತ್ತರ ತಡವಾಯಿತು. ಈ ಸಲ ನೆಪ ಹೇಳುವುದಿಲ್ಲ. ಬರೆಯುವುದಕ್ಕೆ ಮೂರು ಸಲ ಕೂತು ಮೂರು ಸಲವೂ ಹರಿದುಹಾಕಿದೆ.

ಮೊನ್ನೆ ಶನಿವಾರ ಮಧ್ಯಾಹ್ನ ಬಾಗಿಲಿನ ನಂಬರಿನಿಂದ ಫೋನು ಬಂತು. ಒಂದು ರಿಂಗಲ್ಲ, ಹೊಡೆದುಕೊಳ್ಳುತ್ತಲೇ ಇತ್ತು. ಎತ್ತಿದೆ.

"ಅಬ್ಲಾ, ನಾನು ದಿಯಾಬ್."

ಮೂವತ್ತೊಂದು ವರ್ಷ ನಮಗೆಲ್ಲ ಬಾಗಿಲು ತೆಗೆದವನು ಹೊರಗೆ ನಿಂತು ಗೋಡೆಯ ಜೊತೆ ಮಾತಾಡುತ್ತಿದ್ದ. ನನ್ನ ಬೆನ್ನುನೋವು ಹೇಗಿದೆ ಎಂದು ಕೇಳಿದ, ಸಿಲಿಂಡರಿನವನು ಸರಿಯಾಗಿ ಬರುತ್ತಾನಾ ಎಂದು ಕೇಳಿದ, ಬಚ್ಚಲಿನ ನಲ್ಲಿ ಇನ್ನೂ ಸೋರುತ್ತದಾ ಎಂದು ಕೇಳಿದ. ನಲ್ಲಿಯ ಹತ್ತಿರ ಬರುವಷ್ಟರಲ್ಲಿ ನಿಮಿಷ ಮುಗಿದು ಕರೆ ಕಡಿಯಿತು. ಮತ್ತೆ ಒತ್ತಿದ. ಈ ಸಲ ನಾನು ಏನೂ ಕೇಳದೆ ಒಂಬತ್ತು ಒತ್ತಿದೆ. ಬಾಗಿಲಿನ ಸದ್ದು ಫೋನಿನಲ್ಲಿ ಕೇಳಿಸಿತು. ತಲೆಗೆ ಬಟ್ಟೆ ಹಾಕಿಕೊಂಡು ಮೆಟ್ಟಿಲ ಬಳಿ ನಿಂತೆ. ಯಾರೂ ಹತ್ತಲಿಲ್ಲ. ಐದು ನಿಮಿಷವಾದ ಮೇಲೆ ಮತ್ತೆ ಫೋನು.

"ಯಾಕೆ, ಬಾಗಿಲು ತೆರೀಲಿಲ್ವಾ?" ಎಂದೆ.

"ತೆರೀತು ಅಬ್ಲಾ. ನಾನೇ ಮುಚ್ಚಿದೆ."

"ಯಾಕೆ?"

"ನೀವು ಬಾ ಅನ್ಲಿಲ್ಲ. ಗುಂಡಿ ಒತ್ತಿದ್ರಿ ಅಷ್ಟೇ. ಇಷ್ಟು ವರ್ಷ ಈ ಬಾಗ್ಲಲ್ಲಿ ಕೂತಿದ್ದೋನು ನಾನು. ಮೇಲಿಂದ ಬಾ ಅನ್ನದೆ ಯಾರನ್ನೂ ಹತ್ತಿಸಿದೋನಲ್ಲ. ಈಗ ನಾನೇ ಹತ್ತಲಾ? ಇಲ್ಲಿಂದ್ಲೇ ಎರಡು ಮಾತು ಹೇಳಿ ಹೋಗ್ತೀನಿ, ಇದು ಕಟ್ ಆಗೋದ್ರೊಳಗೆ."

ಬಹೀಗಾ, ಕೊನೆಗೂ ಹೇಳಿದೆ. "ಮೇಲೆ ಬನ್ನಿ, ಬೀಗರೇ."

ಹೇಳಿ ಒಂಬತ್ತು ಒತ್ತಿದೆ. ನಿಮಿಷ ಮುಗಿದು ಕರೆ ಕಡಿಯಿತು. ಆಮೇಲೆ ಮೆಟ್ಟಿಲಿನ ಮೇಲೆ ಅವರ ಚಪ್ಪಲಿಯ ಸದ್ದು ಕೇಳಿಸಿತು. ನಾಲ್ಕು ಮಹಡಿ, ಪ್ರತಿ ಮಹಡಿಗೂ ಒಂದು ಸಲ ನಿಂತು ಉಸಿರೆಳೆದುಕೊಂಡು ಬಂದರು. ಕಿತ್ತಳೆ ತಂದಿದ್ದರು. ನನ್ನ ಮನೆಯ ಸಿಲಿಂಡರು, ಗೀಸರು, ಶುಕ್ರಿಯ ಶವಪೆಟ್ಟಿಗೆ ಎಲ್ಲವನ್ನೂ ಹೊತ್ತವರು ಒಂದು ಸಲವೂ ನಮ್ಮ ಹಜಾರದ ಕುರ್ಚಿಯಲ್ಲಿ ಕೂತಿರಲಿಲ್ಲ. ಅಂಚಿನಲ್ಲಿ ಕೂತರು. ಚಹಾ ನಾನು ಮಾಡಿಕೊಟ್ಟೆ. ನಾಲ್ಕು ಚಮಚ ಸಕ್ಕರೆ ಹಾಕಿಕೊಳ್ಳುತ್ತಾರೆಂದು ಆವತ್ತೇ ಗೊತ್ತಾಯಿತು.

"ನಿಹಾಲ್ ಹೇಗಿದ್ದಾಳೆ?" ಎಂದು ಕೇಳಿದೆ. ಮೂರು ವರ್ಷದ ಮೇಲೆ ಆ ಹೆಸರನ್ನು ಬಾಯಿಬಿಟ್ಟು ಹೇಳಿದ್ದು.

"ಅದನ್ನೇ ಹೇಳೋಕೆ ಬಂದೆ. ಹೋದ್ರು ಅಬ್ಲಾ. ಹೊಸ ವರ್ಷದ ಮಾರನೇ ದಿನ. ರಬೀಗೆ ಕೆಂಪು ಸಮುದ್ರದ ಹತ್ರ ಹುರ್ಘಾದಾದಲ್ಲಿ ಒಂದು ಹೋಟೆಲಿನಲ್ಲಿ ಎಲೆಕ್ಟ್ರಿಶಿಯನ್ ಕೆಲಸ ಸಿಕ್ತು, ಮನೇನೂ ಅವರೇ ಕೊಡ್ತಾರೆ. ನಾನೂ ಊರಿಗೆ, ತಮ್ಮನ ಮನೆಗೆ ಹೊರಟೆ."

"ನನಗೆ ಒಂದು ಮಾತು..."

"ಹೇಳೋಕೇ ಬರ್ತಿದ್ಲು ಅಬ್ಲಾ. ಗುರುವಾರ ಔಷಧಿ ಅಂಗಡಿಯಿಂದ ಬೇಗ ಬಿಡ್ತಾರೆ. ಮಗೂನ ಎತ್ಕೊಂಡು ಟ್ರಾಮ್ ಹತ್ತೋಳು. ಎಲ್ಲಿಗೆ ಅಂತ ನಾವ್ಯಾರೂ ಕೇಳ್ತಿರ್ಲಿಲ್ಲ. ಗೊತ್ತಿತ್ತಲ್ಲ."

ಮಗು! ಹೆಣ್ಣಂತೆ, ಒಂದೂವರೆ ವರ್ಷವಂತೆ. ಕೋಪ ಬಂದರೆ ನನ್ನ ಹಾಗೇ ಹುಬ್ಬು ಗಂಟು ಹಾಕುತ್ತಾಳಂತೆ. ಇದನ್ನು ಹೇಳುವಾಗ ಅವರ ಮುಖ ಅರಳಿತು. ನನ್ನ ಮುಖ ನೋಡಿ ಲೋಟ ಎತ್ತಿಕೊಂಡರು.

ಲೋಟ ತಿರುಗಿಸುತ್ತಾ, "ಕಾಸಿಮ್ ಗಾಳಿ ಬಂತಲ್ಲ, ಆ ಗುರುವಾರ ಏನಾಯ್ತೋ ಏನೋ" ಎಂದರು. "ನೆನೆದು ಬಂದು ತಟ್ಟೆ ಮುಂದೆ ಕೂತ್ಲು, ತುತ್ತೇ ಎತ್ಲಿಲ್ಲ. ರಬೀ ಕೇಳಿದ್ರೆ ಚಳಿ ಅಂದ್ಲು. ಆದ್ರೂ ಮುಂದಿನ ವಾರ ಹೋದ್ಲು. ಬಂದು, ಅಮ್ಮ ಫೋನ್ ಬದಲಾಯ್ಸಿದಾರೆ ಅನ್ಸುತ್ತೆ, ರಿಂಗೇ ಆಗ್ತಿಲ್ಲ ಅಂದ್ಲು. ಆಮೇಲೆ ಹೋಗ್ಲಿಲ್ಲ."

ನನ್ನನ್ನು ಒಂದು ಮಾತು ಅನ್ನಲಿಲ್ಲ, ಬಹೀಗಾ. ಅಂದಿದ್ದರೆ ಚೆನ್ನಾಗಿತ್ತು. ಏಳುವ ಮುಂಚೆ ಜೇಬಿನಿಂದ ಚೀಟಿ ತೆಗೆದು ಮೇಜಿನ ಮೇಲಿಟ್ಟರು, ನಿಹಾಲಳ ಹೊಸ ನಂಬರು. "ನಾನು ಕೊಟ್ಟೆ ಅಂತ ಅವಳಿಗೆ ಗೊತ್ತಿಲ್ಲ. ನಿಮಗೆ ಬಿಟ್ಟಿದ್ದು" ಎಂದರು. ಎರಡು ಮಹಡಿ ಜೊತೆಗೆ ಇಳಿದು ಬೀಳ್ಕೊಟ್ಟೆ. ಎರಡನೇ ಮಹಡಿಯವಳು ಬಾಗಿಲು ಸ್ವಲ್ಪವೇ ತೆರೆದು ನೋಡುತ್ತಿದ್ದಳು. ನೋಡಲಿ ಎಂದು ಇನ್ನೊಂದು ಸಲ ಗಟ್ಟಿಯಾಗಿ, "ಹುಷಾರು ಬೀಗರೇ, ಆ ಮೆಟ್ಟಿಲು ಒಡೆದಿದೆ" ಎಂದೆ.

ಆವತ್ತಿನಿಂದ ಫೋನು ಕೈಯಲ್ಲೇ ಇದೆ. ಹನ್ನೊಂದು ಅಂಕಿಯಲ್ಲಿ ಹತ್ತು ಒತ್ತುತ್ತೇನೆ, ಅಳಿಸುತ್ತೇನೆ. ಬಾಲ್ಕನಿಗೆ ಹೋಗುತ್ತೇನೆ, ಬರುತ್ತೇನೆ. ಏನೆಂದು ಶುರುಮಾಡಲಿ? ನಾನಮ್ಮ ಎನ್ನಲೇ? ಮಗುವಿನ ಹೆಸರೇನು ಎಂದು ಕೇಳಲೇ? ಬೀಗರ ಹತ್ತಿರ ಅದನ್ನು ಕೇಳಲೂ ಮರೆತೆ, ಅಥವಾ ನಾಚಿಕೆಯಾಯಿತು. ಮೊಮ್ಮಗಳ ಹೆಸರನ್ನು ಯಾರಾದರೂ ಕೇಳಿ ತಿಳಿಯುತ್ತಾರೆಯೇ? ಮಮ್ದೂಹನಿಗೆ ಹೇಳಿ ಗುರುವಾರದ ತಡೆ ತೆಗೆಸಿದೆ. ಯಾರಿಗಾಗಿ ಎಂದು ಅವನು ಕೇಳಲಿಲ್ಲ, ಪುಣ್ಯಾತ್ಮ.

ಬುದ್ಧಿ ಹೇಳಿ ಬರೆ. ಬಯ್ದು ಬರೆ. ನಿನ್ನ ಕಿವಿಗೆ, ಕಾಲಿಗೆ, ನಿನ್ನ ಸುತ್ತ ಇರುವವರೆಲ್ಲರಿಗೆ ದೇವರು ಒಳ್ಳೆಯದು ಮಾಡಲಿ. ಮೊಮ್ಮಕ್ಕಳನ್ನು ನನ್ನ ಲೆಕ್ಕದಲ್ಲೂ ಒಂದೊಂದು ಸಲ ಮುದ್ದಿಸು.

ನಿನ್ನ
ಇನ್‌ಶಿರಾಹ್

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ನಿನಗೂ ಸುಳ್ಳು ಹೇಳಿದರೆ ಇನ್ನು ಯಾರಿಗೆ ನಿಜ ಹೇಳಲಿ? ಮೊದಲ ಗುರುವಾರವೇ ನನಗೆ ಗೊತ್ತಿತ್ತು. ಪ್ರತಿ ಗುರುವಾರ ನಾಲ್ಕು ಗಂಟೆಗೇ ಬಾಲ್ಕನಿ ಬಾಗಿಲಿನ ಮರದ ಪಟ್ಟಿಗಳ ಹಿಂದೆ ನಿಂತಿರುತ್ತಿದ್ದೆ. ಅವಳು ಒಂದು ರಿಂಗು ಕೊಟ್ಟು, ರಸ್ತೆಗೆ ಸರಿದು, ಮಗುವನ್ನು ಸೊಂಟದಲ್ಲಿ ಸರಿಮಾಡಿಕೊಂಡು ಮೇಲೆ ನೋಡುತ್ತಿದ್ದಳು. ಬೆರಳು ತೋರಿಸಿ ಮಗುವಿಗೂ ನಮ್ಮ ಬಾಲ್ಕನಿ ತೋರಿಸುತ್ತಿದ್ದಳು. ಇವಳೇ ಇನ್ನೊಂದು ಸಲ ಒತ್ತಲಿ, ಇವಳೇ ಸೋಲಲಿ ಎಂದು ನಾನು ನಿಂತೇ ಇರುತ್ತಿದ್ದೆ.

ಕಾಸಿಮ್ ಗಾಳಿಯ ಗುರುವಾರ ಏನಾಯಿತೆಂದು ಬೀಗರಿಗೆ ಗೊತ್ತಿಲ್ಲ. ನನಗೆ ಗೊತ್ತು. ಆವತ್ತು ಮಗುವಿನ ತಲೆಯ ಮೇಲೆ ತನ್ನ ಕೋಟು ಹೊದಿಸಿ ಬಂದಿದ್ದಳು. ನನಗೆ ತಡೆಯಲಾಗಲಿಲ್ಲ, ರಿಂಗು ನಿಲ್ಲುವ ಮುಂಚೆಯೇ ಎತ್ತಿದೆ. ಇಬ್ಬರೂ ಮಾತಾಡಲಿಲ್ಲ. ಅವಳ ಉಸಿರು ಕೇಳುತ್ತಿತ್ತು, ಮಗು ಏನೋ ಗುನುಗುತ್ತಿತ್ತು. ಒಂಬತ್ತು ಒತ್ತಿದೆ. ಓಡಿ ಹೋಗಿ ಮನೆಯ ಬಾಗಿಲಿಗೆ ಕಿವಿಯಿಟ್ಟು ಮೆಟ್ಟಿಲಿನ ಸದ್ದಿಗೆ ಕಾದೆ. ಬರಲಿಲ್ಲ. ಬಾಲ್ಕನಿಗೆ ಬಂದರೆ, ಅವಳು ಕಟ್ಟಡದ ಬಾಗಿಲನ್ನು ಸದ್ದಾಗದ ಹಾಗೆ ಎಳೆದು ಮುಚ್ಚಿ ಮಳೆಯಲ್ಲಿ ಟ್ರಾಮಿನ ಕಡೆ ಹೋಗುತ್ತಿದ್ದಳು. ಆ ಸಿಟ್ಟಿಗೇ ಭಾನುವಾರ ಮಮ್ದೂಹನ ಹತ್ತಿರ ತಡೆ ಹಾಕಿಸಿದ್ದು. ಮೂವತ್ತು ವರ್ಷ ಶಾಲೆಯ ಅಂಗಳದ ಈ ತುದಿಯಿಂದ ಆ ತುದಿಗೆ ಹೆಣ್ಣುಮಕ್ಕಳನ್ನು ಕೂಗಿ ಕರೆದ ಗಂಟಲಿದು. ನನ್ನ ಮಗಳನ್ನು ನಾನು ಬಾ ಅಂತ ಕರೆಯಲಿಲ್ಲ, ಬಹೀಗಾ. ಬರೀ ಬಾಗಿಲು ತೆಗೆದೆ.